ಡೀಸೆಲ್ ಪಂಪು ಬಿಚ್ಚಿದ ದಿನಗಳು

ಗಾಡಿ ಮೊದಲ ಸಲ ನಿಂತದ್ದು ಒಂದು ಗುರುವಾರ ಮಧ್ಯಾಹ್ನ, ರಾಮದುರ್ಗದಲ್ಲಿ ಗೊಬ್ಬರದ ಚೀಲ ಇಳಿಸಿ ಯರಗಟ್ಟಿಗೆ ಖಾಲಿ ಬರುತ್ತಿದ್ದಾಗ. ಏರು ಇರಲಿಲ್ಲ, ಭಾರ ಇರಲಿಲ್ಲ. ಎಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುವ ಬದಲು ಇಳಿಯಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಎರಡು ಸಲ ಆಗಿ ಬಂದ್ ಆಯಿತು. ರಸ್ತೆಯ ಪಕ್ಕಕ್ಕೆ ಹೊರಳಿಸಿ ಇಪ್ಪತ್ತು ನಿಮಿಷ ಕೂತೆ. ಕೀಲಿ ತಿರುವಿದೆ. ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಮೂರು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು.

ನಮ್ಮದು ಇಪ್ಪತ್ತೆರಡು ವರ್ಷ ಹಳೆಯ ಸಣ್ಣ ಲಾರಿ. ಓಡಿಸುವವರು ನನ್ನ ಮನೆಯವರು. ನನ್ನ ಹತ್ತಿರ ಲೈಸೆನ್ಸ್ ಇತ್ತಾದರೂ ಊರೊಳಗೆ, ಸಂತೆಗೆ, ಹೆಚ್ಚೆಂದರೆ ಸವದತ್ತಿಯವರೆಗೆ ಓಡಿಸಿದವಳು ನಾನು. ಆ ತಿಂಗಳು ಮಾತ್ರ ಗಾಡಿ ಪೂರ್ತಿ ನನ್ನ ಕೈಗೆ ಬಂದಿತ್ತು. ಅವರ ಬಲಗಣ್ಣಿನ ಹಿಂದಿನ ಪರದೆ ಕಿತ್ತುಕೊಂಡು ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿತ್ತು. ಕಣ್ಣೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿದ್ದರು. ಆ ಗುಳ್ಳೆ ಮೇಲಕ್ಕೆ ಒತ್ತಿ ಪರದೆಯನ್ನು ಹಿಡಿದಿಡಬೇಕು, ಅದಕ್ಕಾಗಿ ಹದಿನೈದು ದಿನ ಅವರು ಮುಖ ಕೆಳಗೆ ಮಾಡಿಯೇ ಇರಬೇಕು. ಊಟಕ್ಕೆ, ಬಚ್ಚಲಿಗೆ ಎದ್ದರೆ ಸಾಕು, ಮತ್ತೆ ಬೋರಲು. ಧೂಳಿಗೆ ಹೋಗುವಂತಿಲ್ಲ, ಭಾರ ಎತ್ತುವಂತಿಲ್ಲ. ಇದರಲ್ಲಿ ತಪ್ಪಿದರೆ ಆ ಕಣ್ಣಿನ ಆಸೆ ಬಿಡಬೇಕು ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದರು.

ಹೀಗಾಗಿ ಅವರು ಅಂಗಳದ ಕಡೆಯ ಕಿಟಕಿಯ ಕೆಳಗೆ ಮಂಚ ಹಾಕಿಸಿಕೊಂಡು, ಮಡಿಸಿದ ಟವೆಲ್ಲಿನ ಮೇಲೆ ಹಣೆ ಇಟ್ಟು, ನೆಲ ನೋಡುತ್ತ ಮಾತಾಡುತ್ತಿದ್ದರು. ಮುಖ ಕಾಣದ ಮನುಷ್ಯನ ಜೊತೆ ಮಾತಾಡುವುದು ಎಷ್ಟು ಕಷ್ಟ ಎಂಬುದು ನನಗೆ ಆ ದಿನಗಳಲ್ಲಿ ಗೊತ್ತಾಯಿತು. ಸಿಟ್ಟೋ, ಚಿಂತೆಯೋ, ತಮಾಷೆಯೋ ತಿಳಿಯುತ್ತಿರಲಿಲ್ಲ.

ಗುರುವಾರ ಐದು ಕಡೆ ನಿಂತು ಮನೆ ಮುಟ್ಟಿದೆ. ಪ್ರತಿ ಸಲವೂ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿರುವ ಹ್ಯಾಂಡ್ ಪಂಪಿನ ಗುಂಡಿಯನ್ನು ಹತ್ತಿಪ್ಪತ್ತು ಸಲ ಒತ್ತುತ್ತಿದ್ದೆ. ಕೈಗೆ ಗಟ್ಟಿ ಹತ್ತಿದ ಮೇಲೆ ಕೀಲಿ ತಿರುವಿದರೆ ಗಾಡಿ ಏಳುತ್ತಿತ್ತು. ಮನೆಗೆ ಬಂದು ಎಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು ಟ್ಯಾಂಕಿನಲ್ಲಿ ಡೀಸೆಲ್ ಇತ್ತೇ ಎಂದು. ಆಮೇಲೆ, ಎಲ್ಲಿ ತುಂಬಿಸಿದೆ ಎಂದು. ಆಮೇಲೆ, ಎಷ್ಟನೇ ಗೇರಿನಲ್ಲಿ ಬಂದೆ ಎಂದು. ಹತ್ತು ದಿನ ನನ್ನ ಕೈಯಲ್ಲಿದ್ದ ಗಾಡಿ ಹನ್ನೊಂದನೆಯ ದಿನ ಕೆಟ್ಟಿತೆಂದರೆ ತಪ್ಪು ಎಲ್ಲಿದೆ ಎಂದು ಅವರು ಹುಡುಕುತ್ತಿದ್ದಾರೆ ಎನಿಸಿತು. ನಾನೂ ಅದನ್ನೇ ಹುಡುಕುತ್ತಿದ್ದೆ.

ಕಬ್ಬಿನ ಹಂಗಾಮು. ನಮ್ಮ ಮಿಸ್ತ್ರಿ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಟ್ರ್ಯಾಕ್ಟರುಗಳ ಹಿಂದೆ ಬಿದ್ದಿದ್ದ. ಮಂಗಳವಾರದ ಮೊದಲು ಆಗುವುದಿಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟ. ಸೋಮವಾರ ಬೆಳಿಗ್ಗೆ ಊರಾಚೆಯ ನರ್ಸರಿಯಿಂದ ಕಲ್ಲಂಗಡಿ ಸಸಿಗಳ ಟ್ರೇಗಳನ್ನು ಸಾಲಹಳ್ಳಿಯ ಒಂದು ಹೊಲಕ್ಕೆ ಮುಟ್ಟಿಸುವುದಾಗಿ ಒಪ್ಪಿಕೊಂಡಿದ್ದೆವು. ಅಲ್ಲಿ ಮಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಹನಿ ನೀರಾವರಿ ಪೈಪು ಎಳೆದು, ಸಸಿ ಹಚ್ಚುವ ಹೆಣ್ಣುಮಕ್ಕಳಿಗೂ ಹೇಳಿಯಾಗಿತ್ತು. ಬೇರೆ ಗಾಡಿ ನೋಡೋಣವೆಂದರೆ ಇದ್ದಬದ್ದದ್ದೆಲ್ಲ ಕಬ್ಬಿಗೆ ಹೋಗಿತ್ತು.

ಇದೆಲ್ಲಕ್ಕಿಂತ ನನಗೆ ಹೆದರಿಕೆಯಾದದ್ದು ಅವರ ಒಂದು ಮಾತಿಗೆ. ಗುರುವಾರ ಸಂಜೆ ಭಕ್ರಿ ಮುರಿಯುತ್ತ ಅವರು ತಣ್ಣಗೆ ಹೇಳಿದರು:

"ಐದು ಮಿನಿಟು ಎದ್ದು ನೋಡಿದ್ರ ನನಗ ಗೊತ್ತಾಕ್ಕೈತಿ."

ಇವರು ಏಳುತ್ತಾರೆ ಎಂಬುದು ನನಗೆ ಆಗಲೇ ಖಾತ್ರಿಯಾಯಿತು. ನಾಳೆಯಲ್ಲದಿದ್ದರೆ ನಾಡಿದ್ದು, ನಾನು ಹಿಟ್ಟು ಬೀಸಿಸಲು ಹೋದಾಗ ಎದ್ದು ಬಾನೆಟ್ಟಿನೊಳಗೆ ತಲೆ ಹಾಕುತ್ತಾರೆ. ಅದಕ್ಕಿಂತ ಮೊದಲು ಗಾಡಿ ಸರಿಯಾಗಬೇಕು.

ಶುಕ್ರವಾರ ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಕಿಟಕಿ ತೆರೆದಿತ್ತು. ಮೊದಲು ಡೀಸೆಲ್ ಫಿಲ್ಟರ್ ಎರಡನ್ನೂ ಬದಲಿಸಿದೆ. ಶುರು ಮಾಡಿ ಅಂಗಳದಲ್ಲೇ ಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ನಿಂತಿತು. ಆಮೇಲೆ ಅವರು ಹಳೆಯ ಉಪಾಯವೊಂದನ್ನು ಹೇಳಿದರು. ಐದು ಲೀಟರಿನ ಕ್ಯಾನಿಗೆ ಡೀಸೆಲ್ ತುಂಬಿ ಕ್ಯಾಬಿನ್ನಿನ ಮೇಲೆ ಕಟ್ಟಿ, ಅಲ್ಲಿಂದ ನೇರ ಫಿಲ್ಟರಿಗೆ ಪೈಪು ಬಿಡುವುದು. ಟ್ಯಾಂಕೂ ಇಲ್ಲ, ಪಂಪೂ ಇಲ್ಲ, ಡೀಸೆಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹಾಗೆ ಮಾಡಿದಾಗ ಗಾಡಿ ಒಂದು ತಾಸು ಮಿಸುಕದೆ ನಡೆಯಿತು. ಅಂದರೆ ಎಂಜಿನ್ನಿಗೆ ರೋಗವಿಲ್ಲ. ಟ್ಯಾಂಕಿನಿಂದ ಫಿಲ್ಟರಿನವರೆಗಿನ ಹಾದಿಯಲ್ಲೆಲ್ಲೋ ಇದೆ.

ಆ ಹಾದಿಯಲ್ಲಿ ಇರುವುದೇ ಎರಡು: ಪೈಪು ಮತ್ತು ಫೀಡ್ ಪಂಪು. ಫೀಡ್ ಪಂಪು ಎಂದರೆ ಟ್ಯಾಂಕಿನಿಂದ ಡೀಸೆಲನ್ನು ಎಳೆದು ತರುವ, ಒಂದು ಮುಷ್ಟಿಗಾತ್ರದ ಸಾಮಾನು. ಇಂಜೆಕ್ಟರುಗಳಿಗೆ ಡೀಸೆಲ್ ಕಳಿಸುವ ದೊಡ್ಡ ಪಂಪಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ನಾನು ದಾರಿಯುದ್ದಕ್ಕೂ ಒತ್ತಿದ ಹ್ಯಾಂಡ್ ಪಂಪು ಅದರ ನೆತ್ತಿಯ ಮೇಲೆಯೇ ಇದೆ. ಹ್ಯಾಂಡ್ ಪಂಪು ಚೆನ್ನಾಗಿ ಎಳೆಯುತ್ತಿದೆ ಎಂದ ಮೇಲೆ ಫೀಡ್ ಪಂಪಿನಲ್ಲಿ ದೋಷವಿಲ್ಲ, ಪೈಪಿನಲ್ಲೇ ಕಸವೋ ಗಾಳಿಯೋ ಇರಬೇಕು ಎಂದು ಅವರು ತೀರ್ಮಾನಿಸಿದರು. ನನಗೂ ಸರಿಯೆನಿಸಿತು. ಗಾಡಿಯ ಕೆಳಗೆ ಮಲಗಿ ಪೈಪು ಬಿಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಕ್ಲಿಪ್ಪುಗಳನ್ನೆಲ್ಲ ಹೊಸದಾಗಿ ಬಿಗಿದೆ. ಕಸ ಬರಲಿಲ್ಲ. ಗಾಡಿ ಮತ್ತೆ ಇಪ್ಪತ್ತು ನಿಮಿಷಕ್ಕೆ ನಿಂತಿತು.

ಏನು ಮಾಡಬೇಕೆಂದು ತೋಚದೆ, ಸುಮ್ಮನೆ ಕೈಗೆ ಕೆಲಸ ಬೇಕೆಂದು ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಒರೆಸಿ ಮತ್ತೆ ಹಾಕಿದೆ. ಅಷ್ಟೇ. ಹಳೆಯ ಎಂಜಿನ್ ಆಯಿಲ್ ಕುಡಿಯುತ್ತದೆ, ಕಡಿಮೆಯಾಗುತ್ತದೆ. ಹೆಚ್ಚಾಗುವುದು ಹೇಗೆ? ನೀವು ಹಾಕಿದ್ದಿರಾ ಎಂದು ಕೇಳಿದೆ. ಆಪರೇಷನ್ನಿಗೆ ಹೋಗುವ ಮೊದಲಿನಿಂದಲೂ ಹಾಕಿಲ್ಲ, ಹಾಕುವ ಪ್ರಸಂಗವೇ ಬಂದಿಲ್ಲ ಎಂದರು. ಗಾಡಿ ತಗ್ಗಿನಲ್ಲಿ ನಿಂತಿರಬೇಕು, ಸಮನಾದ ಕಡೆ ನಿಲ್ಲಿಸಿ ನೋಡು ಎಂದರು. ಅಂಗಳ ಸಮನಾಗಿಯೇ ಇದೆ. ಮೂರನೆಯ ಸಲ ಕಡ್ಡಿಯನ್ನು ಮೂಗಿಗೆ ಹಿಡಿದೆ. ಡೀಸೆಲ್ ವಾಸನೆ. ಹಳೆಯ ಪೇಪರಿನ ಮೇಲೆ ಒಂದು ಹನಿ ಬಿಟ್ಟೆ. ನಡುವೆ ಕಪ್ಪು ಉಳಿದು, ಸುತ್ತಲೂ ತೆಳ್ಳಗೆ ಅಗಲವಾಗಿ ಹರಡುತ್ತ ಹೋಯಿತು.

ಇದನ್ನು ಅವರಿಗೆ ಹೇಳಿದೆ. ಇಂಜೆಕ್ಟರ್ ಕೆಟ್ಟು ಡೀಸೆಲ್ ಕೆಳಗಿಳಿಯುತ್ತಿರಬಹುದು, ಅದು ಮನೆಯಲ್ಲಾಗುವ ಕೆಲಸವಲ್ಲ ಎಂದರು. ಇಂಜೆಕ್ಟರ್ ಕೆಟ್ಟಿದ್ದರೆ ಕ್ಯಾನಿನ ಡೀಸೆಲ್ಲಿಗೆ ಒಂದು ತಾಸು ಹೇಗೆ ನಡೆಯಿತು ಎಂದು ಕೇಳಿದೆ. ಟ್ಯಾಂಕಿನಿಂದ ಮೇಲೆ ಬರಬೇಕಾದ ಡೀಸೆಲ್ ಬರುತ್ತಿಲ್ಲ, ಬರಬಾರದ ಕಡೆ ಬಂದು ಕೂತಿದೆ. ಎರಡೂ ಒಂದೇ ರೋಗವೋ, ಎರಡು ಬೇರೆ ರೋಗವೋ, ಅಥವಾ ಇಷ್ಟೆಲ್ಲ ಬಿಚ್ಚಿ ಹಾಕುವಾಗ ನಾನೇ ಏನಾದರೂ ಹೊಸದಾಗಿ ಕೆಡಿಸಿದೆನೋ ನನಗೆ ತಿಳಿಯಲಿಲ್ಲ. ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಶನಿವಾರ ಬೆಳಿಗ್ಗೆ ಅವರ ಕಣ್ಣಿಗೆ ಔಷಧ ಬಿಟ್ಟು, ಚಹಾ ಕೊಟ್ಟು ಹೇಳಿದೆ:

"ನಾ ಇವತ್ತ ಫೀಡ್ ಪಂಪು ಬಿಚ್ಚತೇನ್ರಿ."

"ಹ್ಯಾಂಡ್ ಪಂಪು ಚಲೋ ಎಳಿಯಾಕತ್ತೈತಿ. ಚಲೋ ಇದ್ದದ್ದನ್ನ ಎದಕ್ಕ ಬಿಚ್ಚತಿ?"

"ನನಗೂ ಗೊತ್ತಿಲ್ಲ. ಉಳದದ್ದೆಲ್ಲಾ ಬಿಚ್ಚಿ ನೋಡಿದೆ. ಅದೊಂದ ಉಳದೈತಿ."

ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ಗಾಡಿಯ ವಿಷಯದಲ್ಲಿ ಅವರ ಮಾತು ಮೀರಿ ನಾನು ಮಾಡಿದ ಮೊದಲ ಕೆಲಸ ಅದು. ಸರಿಯಾದದ್ದನ್ನು ಮಾಡುತ್ತಿದ್ದೇನೆ ಎಂಬ ಧೈರ್ಯವೂ ನನಗಿರಲಿಲ್ಲ.

ಬ್ರಷ್ಷಿನಿಂದ ಸುತ್ತಲಿನ ಜಿಡ್ಡು, ಮಣ್ಣು ತೊಳೆದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಟ್ಯಾಂಕಿನಿಂದ ಬರುವ ಪೈಪಿಗೆ ಕೆಂಪು ದಾರ, ಫಿಲ್ಟರಿಗೆ ಹೋಗುವ ಪೈಪಿಗೆ ಬಿಳಿ ದಾರ ಕಟ್ಟಿದೆ. ಎರಡೂ ಪೈಪುಗಳ ತುದಿಗೆ ಉಂಗುರದಂಥ ತಲೆ ಇದೆ. ಅದರೊಳಗಿಂದ ತೂತಿನ ಬೋಲ್ಟು ಹಾಯುತ್ತದೆ, ಉಂಗುರದ ಆಚೆಗೊಂದು ಈಚೆಗೊಂದು ತಾಮ್ರದ ವಾಷರು. ಬೋಲ್ಟುಗಳನ್ನು ಬಿಚ್ಚಿ ಬಂದ ವಾಷರುಗಳನ್ನು ಸ್ಟೀಲಿನ ತಾಟಿಗೆ ಹಾಕಿದೆ. ಪಂಪನ್ನು ಹಿಡಿದಿರುವುದು ಮೂರು ನಟ್ಟು. ಎರಡು ಕಾಣುತ್ತಿದ್ದವು, ಬಿಚ್ಚಿದೆ. ಮೂರನೆಯದು ಕಾಣಲೇ ಇಲ್ಲ. ಕೈಗನ್ನಡಿ ಹಿಡಿದು ನೋಡಿದರೆ ಹಿಂದುಗಡೆ ಸಂದಿಯಲ್ಲಿ ಇತ್ತು. ನಟ್ಟು ತಿರುವುವ ಪಾನಾ ಹೋಗುವಷ್ಟು ಜಾಗವಿರಲಿಲ್ಲ. ಅರ್ಧ ತಾಸು ಒದ್ದಾಡಿದೆ. ಮೊಣಕೈ ತರಚಿತು.

ಆಗ ಕಿಟಕಿಯಿಂದ ಮಾತು ಬಂತು. ಸಾಮಾನಿನ ಡಬ್ಬಿಯ ತಳದಲ್ಲಿ ಹಿಡಿಕೆ ಕತ್ತರಿಸಿದ ಮೊಂಡ ಪಾನಾ ಇದೆ, ಆ ನಟ್ಟಿಗಂತಲೇ ಮಾಡಿಸಿದ್ದು, ಕೆಳಗಿನಿಂದ ಕೈ ಹಾಕು, ಕಣ್ಣಿಂದ ಹುಡುಕಬೇಡ, ಬೆರಳಿಗೆ ಹತ್ತುತ್ತದೆ ಎಂದರು. ಹತ್ತಿತು. ಪಂಪು ಕೈಗೆ ಬಂತು. ಪಂಪು ಇದ್ದ ತೂತಿನ ಬಾಯಿಗೆ ಬಟ್ಟೆ ತುರುಕಿ, ಪಂಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪಕ್ಕದ ಮನೆಯ ಅಜ್ಜಿಗೆ ಇವರು ಎದ್ದರೆ ಫೋನ್ ಮಾಡಲು ಹೇಳಿ ಬೈಲಹೊಂಗಲದ ಬಸ್ಸು ಹತ್ತಿದೆ.

ಡೀಸೆಲ್ ಪಂಪು ರಿಪೇರಿ ಮಾಡುವ ಅಂಗಡಿಯಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಕೂತಿದ್ದರು. ನಾನು ಹ್ಯಾಂಡ್ ಪಂಪು, ಕ್ಯಾನು, ಆಯಿಲಿನ ಕಡ್ಡಿ ಎಲ್ಲವನ್ನೂ ಒಂದರ ಮೇಲೊಂದು ಹೇಳುತ್ತ ಹೋದೆ. ಅವರು ಪಂಪನ್ನು ಡೀಸೆಲ್ ತುಂಬಿದ ಬೋಗುಣಿಯಲ್ಲಿ ಮುಳುಗಿಸಿ, ಅದರ ನಡುವಿನ ಸಣ್ಣ ಕಡ್ಡಿಯನ್ನು ಹೆಬ್ಬೆರಳಿನಿಂದ ಒಳಗೆ ಹೊರಗೆ ಒತ್ತಿದರು. ಕಡ್ಡಿ ಆ ಕಡೆ ಈ ಕಡೆ ಅಲುಗುತ್ತಿತ್ತು. ಮೇಲೆತ್ತಿದಾಗ ಅದರ ಸಂದಿಯಿಂದ ಡೀಸೆಲ್ ಜಿನುಗಿ ಅವರ ಮುಂಗೈಗೆ ಇಳಿಯಿತು.

"ಹ್ಯಾಂಡ್ ಪಂಪು ಬ್ಯಾರೆ, ಇದು ಬ್ಯಾರೆ ಅಕ್ಕಾರ. ಒಂದ ಮನ್ಯಾಗ ಎರಡು ಒಲಿ ಇದ್ದಂಗ. ಅದು ಚಲೋ ಉರದ್ರ ಇದೂ ಉರಿಯತೈತಿ ಅಂತ ತಿಳಕೋಬಾರದು."

ಎಂಜಿನ್ ತಿರುಗುವಾಗ ಈ ಕಡ್ಡಿಯೇ ಪಂಪನ್ನು ನಡೆಸುತ್ತದೆ. ಅದು ಸವೆದಿದ್ದರಿಂದ ಡೀಸೆಲ್ ಮುಂದಕ್ಕೆ ಹೋಗುವ ಬದಲು ಹಿಂದಿನಿಂದ ದೊಡ್ಡ ಪಂಪಿನೊಳಗೆ ಸೋರಿ, ಅಲ್ಲಿಂದ ಎಂಜಿನ್ ಆಯಿಲಿಗೆ ಇಳಿಯುತ್ತಿತ್ತು. ಎರಡು ರೋಗವಲ್ಲ, ಒಂದೇ. ಹೊಸ ಪಂಪು ಹಾಕಿದರೂ ಆ ಆಯಿಲ್ ಪೂರ್ತಿ ಸುರಿದು ಹೊಸದು ತುಂಬುವವರೆಗೆ ಗಾಡಿ ಶುರು ಮಾಡಬೇಡಿ, ತೆಳ್ಳಗಾದ ಆಯಿಲ್ ಎಂಜಿನ್ನನ್ನೇ ತಿನ್ನುತ್ತದೆ ಎಂದರು. ಶುಕ್ರವಾರ ನಾನು ಅದೇ ಆಯಿಲಿನಲ್ಲಿ ತಾಸುಗಟ್ಟಲೆ ಎಂಜಿನ್ ನಡೆಸಿದ್ದು ನೆನಪಾಯಿತು. ಹೊಸ ಪಂಪು, ಸೋರದಂತೆ ಅದರ ಸಂದಿಗೆ ಕೂರಿಸುವ ಪ್ಯಾಕಿಂಗು, ನಾಲ್ಕು ಹೊಸ ವಾಷರು ಕಟ್ಟಿಸಿಕೊಂಡು ಎದ್ದೆ. ಮೆಟ್ಟಿಲಿಳಿದವಳು ಮತ್ತೆ ತಿರುಗಿ ಕೇಳಿದೆ:

"ಹನ್ನೊಂದು ದಿನ ನಾ ಓಡಿಸೀನ್ರಿ. ನಾ ಓಡಿಸಿದ್ದಕ್ಕ ಹಿಂಗಾತೇನ್ರಿ?"

ಅವರು ಹಳೆಯ ಪಂಪನ್ನು ಇನ್ನೊಮ್ಮೆ ಅಲುಗಿಸಿ ನೋಡಿದರು. "ಇದು ಹನ್ನೊಂದು ದಿನದ ಸವಕಳಿ ಅಲ್ಲ. ಒಂದು ವರ್ಷರ ಆಗೈತಿ."

ಬಸ್ಸಿನಲ್ಲಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದು ವರ್ಷದಿಂದ ಸವೆಯುತ್ತಿತ್ತು ಎಂದರೆ ಒಂದು ವರ್ಷದಿಂದ ಆಯಿಲಿಗೆ ಡೀಸೆಲ್ ಇಳಿದು, ಎಂಜಿನ್ ಕುಡಿದಷ್ಟನ್ನು ತುಂಬುತ್ತಿತ್ತು. ನಮ್ಮ ಗಾಡಿ ಹಳೆಯದಾದರೂ ಆಯಿಲ್ ಕುಡಿಯುವುದಿಲ್ಲ ಎಂದು ಅವರು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದು ಅದೇ ವರ್ಷ. ಹೇಳಬೇಕೋ ಬಿಡಬೇಕೋ ಎಂದು ಯರಗಟ್ಟಿ ಬರುವವರೆಗೂ ಯೋಚಿಸಿದೆ. ಮನೆಗೆ ಬಂದು, ಅಂಗಡಿಯವರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಟವೆಲ್ಲಿನೊಳಗೇ ಕೇಳಿಸಿಕೊಂಡರು. ಆಮೇಲೆ ಪ್ಯಾಕಿಂಗಿಗೆ ಗ್ರೀಸ್ ಸವರಿ ಕೂರಿಸು, ಮೂರೂ ನಟ್ಟನ್ನು ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿ, ಒಂದನ್ನೇ ಪೂರ್ತಿ ಬಿಗಿದರೆ ಪಂಪಿನ ಮೈ ಒಡೆಯುತ್ತದೆ ಎಂದರು. ಅಷ್ಟೇ. ಕತ್ತಲಾಗುವ ಮೊದಲು ಪಂಪು ಕೂತಿತು, ಪೈಪು ಸೇರಿದವು.

ಭಾನುವಾರ ಬೆಳಿಗ್ಗೆ ಆಯಿಲ್ ಇಳಿಸಿದೆ. ದಪ್ಪಗೆ ಎಳೆಯಾಗಿ ಬೀಳಬೇಕಾದದ್ದು ನೀರಿನಂತೆ ಸುರಿಯಿತು. ಆಯಿಲ್ ಫಿಲ್ಟರ್ ಬದಲಿಸಿ ಹೊಸ ಆಯಿಲ್ ತುಂಬಿದೆ. ಇನ್ನು ಉಳಿದದ್ದು ಏರ್ ತೆಗೆಯುವುದು. ಪೈಪು ಬಿಚ್ಚಿದಾಗ ಒಳಗೆ ಹೊಕ್ಕ ಗಾಳಿ ಪೂರ್ತಿ ಹೋಗದಿದ್ದರೆ ಡೀಸೆಲ್ ಗಾಡಿ ಏಳುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪು ಒತ್ತುತ್ತ ಹೋಗಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಸ್ವಚ್ಛ ಡೀಸೆಲ್. ಆಗ ಸ್ಕ್ರೂ ಬಿಗಿಯುವುದು.

ನೊರೆ ಬಂತು. ಬರುತ್ತಲೇ ಇತ್ತು. ನೂರು ಸಲ ಒತ್ತಿದೆ, ಇನ್ನೂರು ಸಲ ಒತ್ತಿದೆ, ಆಮೇಲೆ ಎಣಿಸುವುದು ಬಿಟ್ಟೆ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆಯಿತು. ಒಳಗೆ ಮಲಗಿದವರ ಕಣ್ಣಿನ ಗುಳ್ಳೆ ಹೋಗಬಾರದೆಂದು, ಹೊರಗಿನ ಈ ಗುಳ್ಳೆ ಹೋಗಲಿ ಎಂದು ಬೇಡಿಕೊಳ್ಳುವಂತಾಗಿತ್ತು. ಹೊಸ ಪಂಪೇ ಕೆಟ್ಟದ್ದಿರಬೇಕು ಎನಿಸಿತು. ಅಥವಾ ನಾನು ಪ್ಯಾಕಿಂಗ್ ತಿರುವಿ ಹಾಕಿದೆನೋ, ಕೆಂಪು ದಾರ ಬಿಳಿ ದಾರ ಅದಲುಬದಲಾಯಿತೋ ಎಂದು ಫೋಟೋ ನೋಡಿದೆ. ಎಲ್ಲ ಸರಿಯಿತ್ತು. ಬೈಲಹೊಂಗಲದ ಅಂಗಡಿ ಭಾನುವಾರ ಬಂದ್.

ತಲೆ ಎತ್ತಿದಾಗ ಅವರು ಬಾಗಿಲಲ್ಲಿ ನಿಂತಿದ್ದರು. ಕಪ್ಪು ಕನ್ನಡಕ, ಕೈ ಚೌಕಟ್ಟಿನ ಮೇಲೆ. ಎಷ್ಟೋ ದಿನಗಳ ಮೇಲೆ ಅವರು ಬಿಸಿಲಿನಲ್ಲಿ ನೇರ ನಿಂತದ್ದನ್ನು ನೋಡಿದೆ, ಸಣ್ಣವರಾಗಿ ಕಂಡರು. ಒಂದು ಹೆಜ್ಜೆ ಕೆಳಗಿಟ್ಟರು. ನಾನು ಕೈಯಲ್ಲಿದ್ದ ಪಾನಾವನ್ನು ನೆಲಕ್ಕೆ ಇಟ್ಟೆ.

"ನೀವು ಹೊಳ್ಳಿ ಹೋಗಿ ಮಕ್ಕೊಳ್ಳೋತನಕ ನಾ ಇದನ್ನ ಮುಟ್ಟಂಗಿಲ್ಲ."

"ಒಂದ ಸಲ ನೋಡತೇನಿ, ಮುಟ್ಟೂದಿಲ್ಲ."

"ಗಾಡಿ ಗುಜರಿಗೆ ಹೋಗ್ಲಿ. ಸಸಿ ಒಣಗ್ಲಿ. ಕಣ್ಣು ಹೋದ್ರ ನಾ ಯಾವ ಅಂಗಡಿಗೆ ಒಯ್ಯಲಿ?"

ಅವರು ಅಲ್ಲೇ ನಿಂತರು. ಗಾಡಿಯ ಕಡೆ ಮುಖ ಮಾಡಿದ್ದರು, ನನ್ನ ಕಡೆ ಅಲ್ಲ. ನಾನೂ ಏಳಲಿಲ್ಲ. ಪಕ್ಕದ ಅಜ್ಜಿ ಕಾಂಪೌಂಡಿನಾಚೆಯಿಂದ ನೋಡಿ ಒಳಗೆ ಹೋದಳು. ಕೊನೆಗೆ ಅವರು ಗೋಡೆ ಹಿಡಿದು ತಿರುಗಿದರು. ಮಂಚ ಕಿರುಗುಟ್ಟಿದ್ದು ಕೇಳಿಸಿದ ಮೇಲೆಯೇ ನಾನು ಪಾನಾ ಎತ್ತಿಕೊಂಡದ್ದು.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ಒಂದು ಪ್ರಶ್ನೆ ಬಂತು.

"ಹೊಸಾ ವಾಷರ್ ಎಷ್ಟು ಹಾಕಿದಿ?"

"ನಾಕು."

"ಹಳೇವು ಎಷ್ಟು ಬಂದಿದ್ದುವು?"

ತಾಟು ತಂದು ನೋಡಿದೆ. ಮೂರು. ನಟ್ಟು, ಬೋಲ್ಟುಗಳ ಕೆಳಗೆ ಹುಡುಕಿದೆ, ಮೂರೇ.

ನಾಲ್ಕನೆಯದು ಎಲ್ಲಿದೆ ಎಂದು ಅವರು ಹೇಳಬೇಕಾಗಲಿಲ್ಲ. ಟ್ಯಾಂಕಿನಿಂದ ಬರುವ ಪೈಪಿನ ಬೋಲ್ಟು ಬಿಚ್ಚಿದೆ. ಅದರ ಉಂಗುರದ ಕೆಳಮೈ ಕಪ್ಪಗೆ ಒಂದೇ ಸಮನಾಗಿತ್ತು. ಉಗುರಿನಿಂದ ಗೀರಿದರೆ ಒಂದು ಅಂಚು ಸಿಕ್ಕಿತು. ಚೂರಿಯ ತುದಿಯಿಂದ ಎಬ್ಬಿಸಿದಾಗ ಹಳೆಯ ವಾಷರು ಕಿತ್ತು ಬಂತು; ಅದರ ಬೆನ್ನು ತಾಮ್ರದ ಬಣ್ಣಕ್ಕೆ ಹೊಳೆಯುತ್ತಿತ್ತು. ನಾನು ಅದರ ಮೇಲೆಯೇ ಹೊಸದನ್ನು ಕೂರಿಸಿದ್ದೆ. ಆ ಎರಡರ ಸಂದಿಯಿಂದ ಪಂಪು ಡೀಸೆಲ್ಲಿನ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಜಾಗ ಒರೆಸಿ, ಒಂದೇ ವಾಷರು ಹಾಕಿ ಬಿಗಿದೆ. ನಲವತ್ತು ಸಲ ಒತ್ತುವಷ್ಟರಲ್ಲಿ ನೊರೆ ನಿಂತು ಸ್ವಚ್ಛ ಡೀಸೆಲ್ ಬಂತು. ಎರಡನೆಯ ಫಿಲ್ಟರು, ಆಮೇಲೆ ದೊಡ್ಡ ಪಂಪಿನ ಸ್ಕ್ರೂ. ಕೀಲಿ ತಿರುವಿದೆ. ಮೂರನೆಯ ಸಲಕ್ಕೆ ಎದ್ದಿತು. ಇಪ್ಪತ್ತು ನಿಮಿಷವಾಯಿತು, ನಲವತ್ತಾಯಿತು, ತಾಸಾಯಿತು. ಅಂಗಳದ ಕಟ್ಟೆಯ ಮೇಲೆ ಕೂತು ಕೇಳುತ್ತಲೇ ಇದ್ದೆ. ನಿಲ್ಲಲಿಲ್ಲ. ನರ್ಸರಿಯವರಿಗೆ ಫೋನ್ ಮಾಡಿ ಬೆಳಿಗ್ಗೆ ಆರಕ್ಕೆ ಬರುತ್ತೇನೆ ಎಂದೆ.

ಸೋಮವಾರ ಟ್ರೇಗಳನ್ನು ತುಂಬಿಕೊಂಡು ಹೊರಟಾಗ ಇನ್ನೂ ತಂಪಿತ್ತು. ಪ್ರತಿ ಗೇರು ಬದಲಿಸುವಾಗಲೂ ಕಿವಿ ಎಂಜಿನ್ನಿನಲ್ಲೇ. ಸದ್ದು ಸ್ವಲ್ಪ ಬದಲಾದರೂ ಕಾಲು ಬಿಗಿಯುತ್ತಿತ್ತು. ನೋಡಿದರೆ ರಸ್ತೆಯ ಡಾಂಬರು ಬದಲಾಗಿರುತ್ತಿತ್ತು. ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಒಂದು ಬೇವಿನ ಮರದ ಹತ್ತಿರ ಪಕ್ಕಕ್ಕೆ ಹಾಕಿ, ಎಂಜಿನ್ ನಡೆಯುತ್ತಿರುವಂತೆಯೇ ಬಾನೆಟ್ ಎತ್ತಿ ಪಂಪಿನ ಸುತ್ತ ಬೆರಳಾಡಿಸಿದೆ. ಎಲ್ಲೂ ಹಸಿ ಇರಲಿಲ್ಲ. ಆದರೂ ಅಲ್ಲೇ ನಿಂತಿದ್ದೆ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಏನಾಗಿದೆ ಎಂದು ಕೇಳಿದ. ಏನೂ ಆಗಿಲ್ಲ ಎಂದೆ. ಅವನು ನನ್ನನ್ನೂ ತೆರೆದ ಬಾನೆಟ್ಟನ್ನೂ ನೋಡಿ, ಅರ್ಥವಾಗದೆ ಹೋದ.

ಸಾಲಹಳ್ಳಿಯ ಹೊಲದಲ್ಲಿ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೆರಗು ಕಟ್ಟಿ ಕಾಯುತ್ತಿದ್ದರು. ಟ್ರೇಗಳು ಕೈಯಿಂದ ಕೈಗೆ ಇಳಿದವು. ನಾನು ಹಿಂದಿನ ಬಾಗಿಲು ಹಾಕಿ ಕೊಂಡಿ ಸಿಗಿಸುವಷ್ಟರಲ್ಲಿ ಮೊದಲ ಸಾಲು ಹಚ್ಚಿಯಾಗಿತ್ತು.

ಮಧ್ಯಾಹ್ನ ಮನೆಗೆ ಬಂದು ಕೈಕಾಲು ತೊಳೆದು ಒಳಗೆ ಹೋದೆ. ಅವರು ಹಾಗೆಯೇ ಇದ್ದರು, ಹಣೆ ಟವೆಲ್ಲಿನ ಮೇಲೆ. ನಾನು ಮಂಚದ ಪಕ್ಕ, ಅವರಿಗೆ ಕಾಣುವ ಹಾಗೆ ನೆಲದ ಮೇಲೆ ಕೂತೆ.

"ಎಲ್ಲೆರ ನಿಂತೇನು?" ಎಂದು ಕೇಳಿದರು.

"ಒಂದ ಕಡೆ. ಗಾಡಿ ನಿಂದರಲಿಲ್ರಿ, ನಾನ ನಿಂದರಿಸಿದೆ."